ಆಶಾ ಆಗಲು ಅರ್ಜಿ ಬರೆಯೋಣ

ಬೆಳಗಿನ ಹನ್ನೊಂದು ಗಂಟೆ. ಕಾಮಾಕ್ಷಿಪಾಳ್ಯದ ಒಂದು ಓಣಿ. ಗಂಡಸರು ಕಾರ್ಖಾನೆಗೆ ಹೋಗಿದ್ದಾರೆ. ಹೆಂಗಸರಲ್ಲಿ ಅರ್ಧ ಜನ ಗಾರ್ಮೆಂಟ್ಸಿಗೆ ಹೋಗಿದ್ದಾರೆ. ಉಳಿದವರು ಬಾಗಿಲಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಾರೆ.

ಹೆಗಲಿಗೆ ಚೀಲ ಹಾಕಿಕೊಂಡು ಆಶಾ ಅಕ್ಕ ಬಂದರು. ಒಂದು ಮನೆಯೊಳಗೆ ಹೋದರು. ಬಾಣಂತಿಯನ್ನು ಮಾತಾಡಿಸಿದರು. ಮಗುವನ್ನು ತೂಕ ಮಾಡಿದರು. ಪುಸ್ತಕದಲ್ಲಿ ಬರೆದುಕೊಂಡರು.

ಪಕ್ಕದ ಮನೆಯ ತಾಯಿ ಇದನ್ನು ನೋಡುತ್ತಿದ್ದಳು. ಅವಳು ಈಚೆಗೆ ಓದು ಬರಹ ಕಲಿತವಳು. ಮೆಲ್ಲಗೆ ಕೇಳಿದಳು.

“ಅಕ್ಕಾ, ಈ ಕೆಲ್ಸ ನಾನೂ ಮಾಡ್ಬಹುದಾ? ಈಗ ನಂಗೂ ಓದಕ್ಕೆ ಬರೆಯಕ್ಕೆ ಬರುತ್ತೆ.”

“ಯಾಕ್ ಮಾಡ್ಬಾರ್ದು? ನಾನೂ ಇದೇ ಓಣಿಯವಳೇ ಅಲ್ವೇನಮ್ಮಾ? ಆದ್ರೆ ಮೊದ್ಲು ಎಲ್ಲಾ ವಿಷಯ ತಿಳ್ಕೋ. ಆಮೇಲೆ ಅರ್ಜಿ ಬರಿ.”

ಆ ವಿಷಯಗಳನ್ನು ನಾವೂ ತಿಳಿಯೋಣ.

ಆಶಾ ಅಂದರೆ ಯಾರು?

ಆಶಾ ಅಂದರೆ ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ನಮ್ಮ ಓಣಿಗೂ ಆಸ್ಪತ್ರೆಗೂ ನಡುವೆ ಅವಳು ಸೇತುವೆ.

2005ರಲ್ಲಿ ಈ ಯೋಜನೆ ಮೊದಲು ಹಳ್ಳಿಗಳಲ್ಲಿ ಶುರುವಾಯಿತು. 2013ರಲ್ಲಿ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಬಂತು. ಆಗ ಪಟ್ಟಣದ ಬಡವರ ಬಡಾವಣೆಗಳಿಗೂ ಆಶಾ ಬಂದರು. ಪಟ್ಟಣದಲ್ಲಿ ಒಬ್ಬ ಆಶಾಗೆ 200ರಿಂದ 500 ಮನೆಗಳ ಜವಾಬ್ದಾರಿ ಇರುತ್ತದೆ.

ಬೆಂಗಳೂರಿಗೆ ಇದು ತೀರಾ ಹೊಸದಲ್ಲ. 1990ರ ದಶಕದಲ್ಲಿ ಇಲ್ಲಿ ಐ.ಪಿ.ಪಿ.-8 ಎಂಬ ಯೋಜನೆ ಇತ್ತು. ಆಗಲೂ ಕೊಳಚೆ ಪ್ರದೇಶದ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟರು. ಅವರನ್ನು ಲಿಂಕ್ ವರ್ಕರ್ ಎಂದು ಕರೆಯುತ್ತಿದ್ದರು.

ಅದಕ್ಕೂ ಮುಂಚೆ ಮಹಾರಾಷ್ಟ್ರದ ಜಾಮಖೇಡದಲ್ಲಿ ಒಂದು ಕೆಲಸ ನಡೆಯಿತು. 1970ರಲ್ಲಿ ಡಾಕ್ಟರ್ ರಜನಿಕಾಂತ್ ಆರೋಳೆ, ಡಾಕ್ಟರ್ ಮೇಬಲ್ ಆರೋಳೆ ಎಂಬ ಗಂಡ ಹೆಂಡತಿ ಅಲ್ಲಿಗೆ ಬಂದರು. ಹಳ್ಳಿಯ ಹೆಂಗಸರಿಗೆ ಆರೋಗ್ಯದ ಪಾಠ ಹೇಳಿಕೊಟ್ಟರು. ಅವರಲ್ಲಿ ಬಹಳ ಜನಕ್ಕೆ ಅಕ್ಷರವೇ ಬರುತ್ತಿರಲಿಲ್ಲ. ಆದರೂ ಹೆರಿಗೆಯ ಆರೈಕೆ ಕಲಿತರು, ಮಕ್ಕಳ ಆರೈಕೆ ಕಲಿತರು. ಊರೇ ಅವರ ಮಾತು ಕೇಳಿತು.

ಓಣಿಯವಳೇ ಯಾಕೆ ಬೇಕು?

ಕ್ಷಯ ರೋಗದ ವಿಷಯವನ್ನೇ ನೋಡಿ. ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ಎರಡು ತಿಂಗಳಿಗೇ ಮೈ ಹಗುರಾಗುತ್ತದೆ. “ವಾಸಿ ಆಯ್ತು” ಎಂದು ಕೆಲವರು ಮಾತ್ರೆ ಬಿಡುತ್ತಾರೆ. ಆಗ ರೋಗ ಮತ್ತೆ ಮೇಲೇಳುತ್ತದೆ. ಈ ಸಲ ಮೊದಲಿನ ಮಾತ್ರೆಗೆ ಬಗ್ಗದೆ ಹೋಗಬಹುದು.

ಮಾತ್ರೆ ಬಿಟ್ಟದ್ದು ಡಾಕ್ಟರಿಗೆ ಕಾಣುವುದಿಲ್ಲ. ಪಕ್ಕದ ಮನೆಯವಳಿಗೆ ಕಾಣುತ್ತದೆ.

ಕೆಂಗೇರಿಯ ಕಡೆ ಹೋಗಿ ನೋಡಿ. ಹೊಸ ಕಟ್ಟಡ ಏಳುವ ಕಡೆ ತಗಡಿನ ಶೆಡ್ಡುಗಳಿರುತ್ತವೆ. ಯಾದಗಿರಿ, ರಾಯಚೂರು ಕಡೆಯಿಂದ ಕೂಲಿಗೆ ಬಂದವರು ಅಲ್ಲಿರುತ್ತಾರೆ. ರೇಷನ್ ಕಾರ್ಡು ಊರಲ್ಲಿರುತ್ತದೆ. ಗರ್ಭಿಣಿಯ ಕೈಯಲ್ಲಿ ತಾಯಿ ಕಾರ್ಡು ಇರುವುದಿಲ್ಲ. ಆಸ್ಪತ್ರೆ ಯಾವ ಕಡೆ ಎಂದೂ ಗೊತ್ತಿರುವುದಿಲ್ಲ. ಗಾರ್ಮೆಂಟ್ಸಿನ ಹೆಂಗಸರ ಕಷ್ಟ ಬೇರೆ. ಅವರು ಮನೆಗೆ ಬರುವುದೇ ಸಂಜೆ ಏಳಕ್ಕೆ. ಆಸ್ಪತ್ರೆ ಅಷ್ಟು ಹೊತ್ತಿಗೆ ಮುಚ್ಚಿರಬಹುದು.

ಇಂಥವರನ್ನು ಯಾರು ಹುಡುಕುತ್ತಾರೆ? ಯಾವ ಹೊತ್ತಿಗೆ ಯಾರು ಮನೆಯಲ್ಲಿರುತ್ತಾರೆ ಎಂದು ಬಲ್ಲವಳು ಹುಡುಕುತ್ತಾಳೆ. ಆ ತಿಳಿವಳಿಕೆ ನಿಮ್ಮಲ್ಲಿ ಈಗಲೇ ಇದೆ.

ಯಾರು ಅರ್ಜಿ ಹಾಕಬಹುದು?

ಅರ್ಜಿ ಹಾಕುವವಳು ಅದೇ ಬಡಾವಣೆಯಲ್ಲಿ ವಾಸ ಮಾಡುವ ಹೆಂಗಸಾಗಿರಬೇಕು. ವಯಸ್ಸು 25ರಿಂದ 45 ಇರಬೇಕು.

ಮದುವೆಯಾದವರು, ಗಂಡನನ್ನು ಕಳೆದುಕೊಂಡವರು, ಗಂಡನಿಂದ ಬೇರೆಯಾದವರು, ಇವರಿಗೆ ಮೊದಲ ಅವಕಾಶ. ಯಾಕೆ? ಮದುವೆಯಾಗದ ಹುಡುಗಿ ನಾಳೆ ಮದುವೆಯಾಗಿ ಬೇರೆ ಕಡೆ ಹೋಗಬಹುದು. ತರಬೇತಿ ಪಡೆದವಳು ಓಣಿಯಲ್ಲೇ ಉಳಿಯಬೇಕು.

ವಿದ್ಯೆ ಎಷ್ಟು? ಇಲ್ಲಿ ನಿಜ ಹೇಳಬೇಕು. ಹತ್ತನೇ ತರಗತಿ ಓದಿದವರನ್ನು ಮೊದಲು ನೋಡುತ್ತಾರೆ. ಅಷ್ಟು ಓದಿದವರು ಸಿಗದೆ ಹೋದರೆ ಎಂಟನೇ ತರಗತಿಗೆ ಇಳಿಸಲು ಅವಕಾಶ ಇದೆ.

“ಹಂಗಾದ್ರೆ ನನ್ ಕಥೆ ಮುಗೀತು. ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವಳು” ಎಂದು ಪುಸ್ತಕ ಮಡಚಬೇಡಿ. ನಿಮಗೂ ಮೂರು ದಾರಿಗಳಿವೆ.

ವಿದ್ಯೆ ಸಾಲದಿದ್ದರೆ ಮೂರು ದಾರಿ

ಮೊದಲನೇ ದಾರಿ. ಮಹಿಳಾ ಆರೋಗ್ಯ ಸಮಿತಿ ಸೇರಿ. ಬಡವರ ಬಡಾವಣೆಗಳಲ್ಲಿ 50ರಿಂದ 100 ಮನೆಗಳಿಗೆ ಒಂದು ಸಮಿತಿ ಇರಬೇಕು. ಅದರಲ್ಲಿ ಆ ಮನೆಗಳ ಹತ್ತು ಹನ್ನೆರಡು ಹೆಂಗಸರು ಇರುತ್ತಾರೆ. ಇದಕ್ಕೆ ಮಾರ್ಕ್ಸ್ ಕಾರ್ಡು ಬೇಕಿಲ್ಲ. ಸಮಿತಿಗೆ ವರ್ಷಕ್ಕೆ 5000 ರೂಪಾಯಿ ಕೊಡುವ ನಿಯಮ ಇದೆ. ಚರಂಡಿ ಕಟ್ಟಿದೆಯೇ? ಯಾವ ಮಗುವಿಗೆ ಲಸಿಕೆ ಬಾಕಿ? ಇದನ್ನೆಲ್ಲ ಸಮಿತಿ ನೋಡುತ್ತದೆ. ನಿಮ್ಮಲ್ಲಿ ಸಮಿತಿ ಇದೆಯೇ ಎಂದು ಆಶಾ ಅಕ್ಕನನ್ನು ಕೇಳಿ. ಇಲ್ಲದಿದ್ದರೆ ಯಾಕಿಲ್ಲ ಎಂದೂ ಕೇಳಿ.

ಎರಡನೇ ದಾರಿ. ಓದು ಮುಂದುವರಿಸಿ. ದೊಡ್ಡವರಿಗೂ ಮುಕ್ತ ಶಾಲೆ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 3, 5, 8ನೇ ತರಗತಿಗಳಿಗೆ ಸಮನಾದ ಹಂತಗಳಿವೆ. ಆಮೇಲೆ ಹತ್ತನೆಯದು. ನಮ್ಮ ರಾಜ್ಯದಲ್ಲಿ ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲೂ ಬಹುದು. ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಹೆಡ್‌ಮೇಷ್ಟ್ರನ್ನು ಕೇಳಿ.

ಮೂರನೇ ದಾರಿ. ಮಗಳನ್ನು ಓದಿಸಿ. ಮಗಳು ಪಿ.ಯು.ಸಿ. ಮುಗಿಸಿದರೆ ಎ.ಎನ್.ಎಂ. ತರಬೇತಿಗೆ ಸೇರಬಹುದು. ಅದು ಎರಡು ವರ್ಷದ ತರಬೇತಿ. ಸೇರಿಸುವ ಮುಂಚೆ ಆ ಶಾಲೆಗೆ ನರ್ಸಿಂಗ್ ಕೌನ್ಸಿಲ್ಲಿನ ಮಾನ್ಯತೆ ಇದೆಯೇ ಎಂದು ಕೇಳಿ. ಬೋರ್ಡು ದೊಡ್ಡದಾಗಿದ್ದರೆ ಸಾಲದು.

ತರಬೇತಿ ಹೇಗಿರುತ್ತದೆ?

ಮೊದಲು ಎಂಟು ದಿನದ ತರಬೇತಿ. ಆಮೇಲೆ ಐದೈದು ದಿನದಂತೆ ನಾಲ್ಕು ಸಲ, ಒಟ್ಟು ಇಪ್ಪತ್ತು ದಿನ. ನಡುವೆ ಓಣಿಯಲ್ಲಿ ಕೆಲಸ ಮಾಡುತ್ತಾ ಕಲಿಯಬೇಕು. ತರಬೇತಿಗೆ ಶುಲ್ಕ ಇಲ್ಲ.

ಗರ್ಭಿಣಿಯ ಆರೈಕೆ, ಲಸಿಕೆ, ಕ್ಷಯ ರೋಗ, ಊಟದ ವಿಷಯ ಕಲಿಸುತ್ತಾರೆ. ಥರ್ಮಾಮೀಟರ್ ನೋಡುವುದು, ಮಗುವನ್ನು ತೂಕ ಮಾಡುವುದು ಕಲಿಸುತ್ತಾರೆ.

ಹೆರಿಗೆಯಾದ ಮನೆಗೆ ಹೋಗುವುದು ದೊಡ್ಡ ಕೆಲಸ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಹೋಗಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಹೋಗಬೇಕು. ಮಗು ಹಾಲು ಕುಡಿಯುತ್ತಿಲ್ಲವೇ? ಮೈ ತಣ್ಣಗಾಗಿದೆಯೇ? ಉಸಿರು ಜೋರಾಗಿದೆಯೇ? ಹಾಗಿದ್ದರೆ ತಡ ಮಾಡಬಾರದು. ಕೂಡಲೇ ಆಸ್ಪತ್ರೆಗೆ ಕಳಿಸಬೇಕು.

ಇಲ್ಲಿ ನಿಮ್ಮ ಅಕ್ಷರ ಕೆಲಸಕ್ಕೆ ಬರುತ್ತದೆ. ಓ.ಆರ್.ಎಸ್. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿರುತ್ತದೆ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಅರ್ಧ ಲೀಟರಿಗೆ ಕಲಸಿದರೆ ಮಗುವಿಗೆ ಕೆಡುಕು. ಓದಲು ಬಂದವಳು ಈ ತಪ್ಪು ಮಾಡುವುದಿಲ್ಲ.

ದುಡ್ಡಿನ ಮಾತು

ಆಶಾ ಸರ್ಕಾರಿ ನೌಕರಿ ಅಲ್ಲ. ಇದು ಗೊತ್ತಿರಲಿ. ತಿಂಗಳ ಸಂಬಳ ಇಲ್ಲ, ಗೌರವಧನ ಇದೆ. ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ ಬೇರೆ. ಹುಟ್ಟಿದ ಮಗುವಿನ ಮನೆಗೆ ಮೇಲೆ ಹೇಳಿದ ಎಲ್ಲ ದಿನವೂ ಹೋಗಿ ಬಂದರೆ 250 ರೂಪಾಯಿ. ಹೀಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ದರ.

ಕೆಲಸ ಹೆಚ್ಚು, ದುಡ್ಡು ಕಡಿಮೆ ಎಂಬ ನೋವು ಆಶಾ ಅಕ್ಕಂದಿರಿಗೆ ಇದೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲೇ ಧರಣಿ ಕೂತರು. ಎಲ್ಲ ಸೇರಿ ತಿಂಗಳಿಗೆ 10,000 ರೂಪಾಯಿಗೆ ಕಡಿಮೆಯಾಗದಂತೆ ಕೊಡುತ್ತೇವೆ ಎಂದು ಆಗ ಸರ್ಕಾರ ಮಾತು ಕೊಟ್ಟಿತು. ಈಗ ಕೈಗೆ ಎಷ್ಟು ಬರುತ್ತಿದೆ, ಯಾವಾಗ ಬರುತ್ತಿದೆ? ನಿಮ್ಮ ಓಣಿಯ ಆಶಾ ಅಕ್ಕನನ್ನೇ ಕೇಳಿ. ಕೇಳಿ ತಿಳಿದ ಮೇಲೆ ಮನೆಯವರ ಜೊತೆ ಮಾತಾಡಿ. ನಡುರಾತ್ರಿ ಹೆರಿಗೆ ನೋವು ಎಂದು ಕರೆ ಬರಬಹುದು. ಆಗ 108ಕ್ಕೆ ಫೋನ್ ಮಾಡಿ, ಜೊತೆಗೆ ಹೋಗಬೇಕಾದೀತು. ಮನೆಯವರ ಒತ್ತಾಸೆ ಬೇಕು.

ಹಾಗಾದರೆ ಈ ಕೆಲಸಕ್ಕೆ ಬೆಲೆಯೇ ಇಲ್ಲವೇ? ಇದೆ. 2020ರಲ್ಲಿ ಕೊರೊನಾ ಬಂದಾಗ ಎಲ್ಲರೂ ಬಾಗಿಲು ಹಾಕಿಕೊಂಡರು. ಆಶಾ ಮಾತ್ರ ಬಾಗಿಲು ಬಾಗಿಲಿಗೆ ಹೋದಳು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟು ಗೌರವಿಸಿತು.

ಎಲ್ಲಿಗೆ ಹೋಗಬೇಕು?

ನಿಮ್ಮ ಬಡಾವಣೆಯ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. 2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಹೋಗಿ ಐದು ನಗರ ಪಾಲಿಕೆಗಳಾದವು. ಬೋರ್ಡು ಬದಲಾದರೆ ಗಾಬರಿ ಬೇಡ. ರಾಜಾಜಿನಗರವಿರಲಿ, ವಿಜಯನಗರವಿರಲಿ, ಬಸವೇಶ್ವರನಗರವಿರಲಿ, ಮೊದಲು ಕೇಳಬೇಕಾದ ಜಾಗ ಆರೋಗ್ಯ ಕೇಂದ್ರವೇ.

ಅಲ್ಲಿ ಹೀಗೆ ಕೇಳಿ: “ನಮ್ಮ ಬಡಾವಣೆಗೆ ಆಶಾ ಜಾಗ ಖಾಲಿ ಇದೆಯಾ? ಯಾವಾಗ ಆಯ್ಕೆ ಮಾಡ್ತೀರಿ? ಏನೇನು ಕಾಗದ ತರಬೇಕು?” ಜಾಗ ಖಾಲಿ ಇದ್ದಾಗ ಮಾತ್ರ ಆಯ್ಕೆ ಇರುತ್ತದೆ.

ಸಾಮಾನ್ಯವಾಗಿ ಬೇಕಾಗುವ ಕಾಗದ ಇವು: ಆಧಾರ್ ಕಾರ್ಡು, ರೇಷನ್ ಕಾರ್ಡು, ಶಾಲೆಯ ಟಿ.ಸಿ. ಅಥವಾ ಮಾರ್ಕ್ಸ್ ಕಾರ್ಡು, ಬ್ಯಾಂಕಿನ ಪಾಸ್ ಪುಸ್ತಕ, ಎರಡು ಫೋಟೋ. ಟಿ.ಸಿ. ಕಳೆದುಹೋಗಿದ್ದರೆ ಓದಿದ ಶಾಲೆಗೆ ಹೋಗಿ ಕೇಳಿ. ಮೂಲ ಕಾಗದವನ್ನು ಯಾರ ಕೈಗೂ ಬಿಟ್ಟು ಬರಬೇಡಿ. ಜೆರಾಕ್ಸ್ ಕೊಡಿ.

ಅರ್ಜಿ ಹೀಗೆ ಬರೆಯಿರಿ

ದಿನಾಂಕ: ..........

ಇಂದ
(ನಿಮ್ಮ ಹೆಸರು, ಮನೆ ನಂಬರು, ಅಡ್ಡರಸ್ತೆ, ಬಡಾವಣೆ)

ಇವರಿಗೆ
ವೈದ್ಯಾಧಿಕಾರಿಗಳು
ನಗರ ಪ್ರಾಥಮಿಕ ಆರೋಗ್ಯ ಕೇಂದ್ರ
.........., ಬೆಂಗಳೂರು

ಮಾನ್ಯರೆ,

ವಿಷಯ: ಆಶಾ ಕಾರ್ಯಕರ್ತೆಯಾಗಿ ಆಯ್ಕೆ ಮಾಡಿ ತರಬೇತಿ ಕೊಡಬೇಕೆಂದು ಕೋರಿಕೆ.

ನಾನು ಈ ಬಡಾವಣೆಯಲ್ಲಿ ...... ವರ್ಷದಿಂದ ವಾಸವಾಗಿದ್ದೇನೆ. ನನ್ನ ವಯಸ್ಸು ...... ವರ್ಷ. ನಾನು ......ನೇ ತರಗತಿಯವರೆಗೆ ಓದಿದ್ದೇನೆ. ಕನ್ನಡ ಓದಲು, ಬರೆಯಲು ಬರುತ್ತದೆ. ...... ಮಾತನಾಡಲು ಬರುತ್ತದೆ. ನಮ್ಮ ಓಣಿಯ ಮನೆಗಳ ಪರಿಚಯ ನನಗೆ ಚೆನ್ನಾಗಿ ಇದೆ. ನನಗೆ ಈ ಸೇವೆಗೆ ಅವಕಾಶ ಕೊಡಬೇಕೆಂದು ಬೇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ
(ಸಹಿ)

ತಮಿಳು, ತೆಲುಗು, ಉರ್ದು ಬಂದರೆ ಬರೆಯಲು ಮರೆಯಬೇಡಿ. ನಮ್ಮ ಓಣಿಗಳಲ್ಲಿ ಎಲ್ಲ ಮಾತಿನವರೂ ಇದ್ದಾರೆ. ಅವರ ಮಾತು ಬಲ್ಲವಳು ಬೇಕಾಗುತ್ತಾಳೆ. ವಯಸ್ಸು, ವಿದ್ಯೆ ಇದ್ದದ್ದನ್ನೇ ಬರೆಯಿರಿ. ಸುಳ್ಳು ಬರೆದರೆ ಮುಂದೆ ತೊಂದರೆ.

ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅದು ನಿಮ್ಮ ಸಾಕ್ಷಿ.

ಒಂದು ಎಚ್ಚರಿಕೆ

“ಇಷ್ಟು ಸಾವಿರ ಕೊಡಿ, ಆಶಾ ಕೆಲಸ ಮಾಡಿಸಿಕೊಡ್ತೀನಿ” ಎಂದು ಯಾರಾದರೂ ಬರಬಹುದು. ಒಂದು ರೂಪಾಯಿಯನ್ನೂ ಕೊಡಬೇಡಿ. ಅರ್ಜಿಗೆ ಲಂಚ ಬೇಕಿಲ್ಲ, ದಲ್ಲಾಳಿ ಬೇಕಿಲ್ಲ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಹೆಬ್ಬೆಟ್ಟು ಒತ್ತುವ ಕಾಲ ನಿಮ್ಮ ಪಾಲಿಗೆ ಮುಗಿಯಿತು.

ಆ ಕಾಮಾಕ್ಷಿಪಾಳ್ಯದ ಓಣಿಗೆ ವಾಪಸ್ಸು ಹೋಗೋಣ. ಆಶಾ ಅಕ್ಕ ಚೀಲ ಎತ್ತಿಕೊಂಡರು.

“ಅಕ್ಕಾ, ನಾನು ಓದಿದ್ದು ನಾಲ್ಕನೇ ಕ್ಲಾಸು. ಈಗ್ಲೇ ಅರ್ಜಿ ಹಾಕಿದ್ರೆ ಆಗಲ್ಲ ಅಲ್ವಾ?”

“ಈಗ್ಲೇ ಆಗಲ್ಲ. ನಾಳೆ ಸಮಿತಿ ಮೀಟಿಂಗಿಗೆ ಬಾ. ಜೊತೇಲಿ ಎಂಟನೇ ಕ್ಲಾಸಿಗೆ ಓದು. ನಿಂಗೆ ವಯಸ್ಸು ಎಷ್ಟು?”

“ಮೂವತ್ತೊಂದು.”

“ಹಂಗಾದ್ರೆ ಇನ್ನೂ ಹದಿನಾಲ್ಕು ವರ್ಷ ಟೈಮಿದೆ” ಎಂದು ನಕ್ಕರು ಅಕ್ಕ.

ನೀವೂ ಮಾಡಿ

ನಿಮ್ಮ ಹತ್ತಿರದ ಆರೋಗ್ಯ ಕೇಂದ್ರದ ಹೆಸರು ಬರೆಯಿರಿ.
ನಿಮ್ಮ ಓಣಿಯ ಆಶಾ ಅಕ್ಕನ ಹೆಸರು ಬರೆಯಿರಿ.
ಮೇಲಿನ ಅರ್ಜಿಯನ್ನು ನಿಮ್ಮ ಹೆಸರು, ವಿಳಾಸ ಹಾಕಿ ಒಂದು ಹಾಳೆಯಲ್ಲಿ ಬರೆಯಿರಿ.
ಈ ಪಾಠವನ್ನು ಓದಲು ಬಾರದ ಒಬ್ಬ ನೆರೆಯವಳಿಗೆ ಓದಿ ಹೇಳಿ.