ಮಗು ತಾನಾಗಿ ಕಲಿಯಲಿ ಎಂದು ಟೀಚರ್ ದೂರ ಸರಿಯಬೇಕೇ?

ಉಡುಪಿ ಜಿಲ್ಲೆಯ ಎಲ್ಲೂರು, ಪಡುಬಿದ್ರಿ, ಕಾಪು ಕಡೆಯ ಶಾಲೆಗಳಿರಲಿ, ಘಟ್ಟದ ಮೇಲಿನವಿರಲಿ, ಶಿಕ್ಷಕರ ತರಬೇತಿಗಳಲ್ಲಿ ಕೇಳಿಬರುವ ಮಾತು ಒಂದೇ: ಮಗು ಸ್ವತಂತ್ರವಾಗಿ ಕಲಿಯಬೇಕು. ಮಾತು ಸರಿಯೇ. ಅದರ ಜೊತೆ ಅಂಟಿಕೊಂಡ ಕೆಲವು ನಂಬಿಕೆಗಳು ಮಾತ್ರ ಮಕ್ಕಳಿಗೆ ತೊಂದರೆ ಕೊಡುತ್ತಿವೆ.

ತಪ್ಪು ಕಲ್ಪನೆ: ಸ್ವಕಲಿಕೆ ಎಂದರೆ ಟೀಚರ್ ಸುಮ್ಮನಿರುವುದು.

ಸತ್ಯ: ಇದಕ್ಕೆ ಉತ್ತರ ನಮ್ಮ ನಲಿ-ಕಲಿಯಲ್ಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದ ಪದ್ಧತಿ ಇದು. ಅಲ್ಲಿ ಮಕ್ಕಳು ಗುಂಪುಗಳಾಗಿ ಐದು ತಟ್ಟೆಗಳ ಸುತ್ತ ಕೂರುತ್ತಾರೆ. ಮೊದಲನೆಯದಕ್ಕೆ ಶಿಕ್ಷಕರ ಪೂರ್ಣ ಬೆಂಬಲ, ಎರಡನೆಯದಕ್ಕೆ ಭಾಗಶಃ, ಆಮೇಲಿನ ಎರಡರಲ್ಲಿ ಗೆಳೆಯರ ನೆರವು, ಕೊನೆಯದು ಸ್ವಕಲಿಕೆ. ಹೊಸ ಪರಿಕಲ್ಪನೆ ಬಂದಾಗ ಐದನೇ ತಟ್ಟೆಯ ಮಗುವೂ ಮತ್ತೆ ಮೊದಲನೆಯದಕ್ಕೆ ಬರುತ್ತದೆ. ಬೆಂಬಲವನ್ನು ಯಾವಾಗ ಕೊಡಬೇಕು, ಯಾವಾಗ ಹಿಂತೆಗೆಯಬೇಕು ಎಂದು ಗಮನಿಸುತ್ತಿರುವುದು ಪಾಠ ಹೇಳಿ ಮುಗಿಸುವುದಕ್ಕಿಂತ ಕಷ್ಟದ ಕೆಲಸ.

ತಪ್ಪು ಕಲ್ಪನೆ: ತಪ್ಪು ಕಂಡ ಕೂಡಲೇ ತಿದ್ದಿಕೊಡುವುದೇ ನೆರವು.

ಸತ್ಯ: 52ರಿಂದ 27 ಕಳೆಯಲು ಹೇಳಿದರೆ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಅದು ಅಜಾಗರೂಕತೆಯಲ್ಲ. ಎರಡರಿಂದ ಏಳು ಹೋಗುವುದಿಲ್ಲವೆಂದು ಮಗು ಏಳರಿಂದ ಎರಡನ್ನು ಕಳೆದಿದೆ. ದೊಡ್ಡದರಿಂದ ಸಣ್ಣದನ್ನು ಕಳೆಯಬೇಕೆಂಬ ನಿಯಮ ಅದರ ತಲೆಯಲ್ಲಿದೆ. ಕೆಂಪು ಗೆರೆ ಎಳೆದು 25 ಎಂದು ಬರೆದರೆ ಆ ನಿಯಮ ಅಲ್ಲೇ ಉಳಿಯುತ್ತದೆ. ಹಿಡಿಸೂಡಿ ಕಡ್ಡಿಗಳ ಹತ್ತರ ಐದು ಕಟ್ಟು, ಬಿಡಿ ಎರಡು ಕಡ್ಡಿ ಕೊಟ್ಟು ‘ಇದರಲ್ಲಿ ಇಪ್ಪತ್ತೇಳು ತೆಗಿ ನೋಡುವ’ ಎನ್ನಿ. ಮಗು ಎರಡು ಕಟ್ಟು ಬದಿಗಿಡುತ್ತದೆ. ಏಳು ತೆಗೆಯಲು ಬಿಡಿ ಕಡ್ಡಿ ಸಾಲದೆ ತಡೆದು ನಿಲ್ಲುತ್ತದೆ. ಆಗ ಬಾಯಿ ಹಾಕದಿರುವುದೇ ಕಷ್ಟ. ಇನ್ನೊಂದು ಕಟ್ಟನ್ನು ತಾನೇ ಬಿಚ್ಚಿದ ಮಗುವಿಗೆ ‘ದಶಕ ತರುವುದು’ ಏನೆಂದು ಬೇರೆಯಾಗಿ ವಿವರಿಸಬೇಕಿಲ್ಲ.

ಹೀಗೆ ಕಾಯುವುದು ರೂಢಿಯಲ್ಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಹೆಚ್ಚು ಮಕ್ಕಳು ಮಾತಾಡಿದರು.

ತಪ್ಪು ಕಲ್ಪನೆ: ತರಗತಿಯಲ್ಲಿ ತುಳು ಮಾತಾಡಲು ಬಿಟ್ಟರೆ ಕನ್ನಡ ಕೆಡುತ್ತದೆ.

ಸತ್ಯ: ಎಲ್ಲೂರಿನ ಸುತ್ತ ಹೆಚ್ಚಿನ ಮನೆಗಳ ಮಾತು ತುಳು; ಕೊಂಕಣಿ, ಬ್ಯಾರಿಯೂ ಉಂಟು. ‘ಎಂಚ ಗೊತ್ತಾಂಡ್?’ (ಹೇಗೆ ಗೊತ್ತಾಯಿತು?) ಎಂದು ಕೇಳಿದರೆ ತನ್ನ ಲೆಕ್ಕದ ದಾರಿಯನ್ನು ಸಲೀಸಾಗಿ ಹೇಳುವ ಮಗು, ಕನ್ನಡದಲ್ಲೇ ಹೇಳಬೇಕೆಂದರೆ ತಲೆ ತಗ್ಗಿಸುತ್ತದೆ. ಯೋಚನೆ ತುಳುವಿನಲ್ಲಿ ಹೊರಬರಲಿ, ಬರವಣಿಗೆ ಕನ್ನಡಕ್ಕೆ ಸಾಗಲಿ. ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ.

ತಪ್ಪು ಕಲ್ಪನೆ: ‘ನೀನು ಭಾರೀ ಜಾಣ’ ಎಂದರೆ ಮಗು ಬೆಳೆಯುತ್ತದೆ.

ಸತ್ಯ: ಮನಶ್ಶಾಸ್ತ್ರಜ್ಞರಾದ ಕ್ಲೌಡಿಯಾ ಮ್ಯುಲ್ಲರ್, ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿಗೆ ಹೊಗಳಿಸಿಕೊಂಡ ಮಕ್ಕಳು ಸುಲಭದ ಕೆಲಸವನ್ನೇ ಆರಿಸಿಕೊಂಡರು, ಸೋತಾಗ ಬೇಗ ಕೈಚೆಲ್ಲಿದರು. ಹಾಗೆಂದು ಬರೀ ‘ಪ್ರಯತ್ನ ಚೆನ್ನಾಗಿದೆ’ ಎಂದರೂ ಸಾಲದು. ‘ಕಟ್ಟು ಬಿಚ್ಚಿದೆಯಲ್ಲ, ಅದೇ ಸರಿಯಾದ ದಾರಿ’ ಎಂದರೆ ಮುಂದಿನ ಲೆಕ್ಕಕ್ಕೆ ಏನು ಮಾಡಬೇಕೆಂದು ತಿಳಿಯುತ್ತದೆ.

ತಪ್ಪು ಕಲ್ಪನೆ: ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದರೆ ಶಿಕ್ಷಕರ ಕಲಿಕೆ ಆದಂತೆ.

ಸತ್ಯ: 2020ರ ಅದೇ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆಯನ್ನು ನಿರೀಕ್ಷಿಸುತ್ತದೆ. ಆ ಗಂಟೆಗಳು ಸಭಾಂಗಣದ ಉಪನ್ಯಾಸದಲ್ಲೇ ಮುಗಿದರೆ ತರಗತಿಗೆ ಬರುವುದು ಬಹಳ ಕಡಿಮೆ. ಮಗುವಿಗೆ ಅಭ್ಯಾಸ, ಗೆಳೆಯರು, ಹತ್ತಿರದಿಂದ ನೋಡಿ ಹೇಳುವವರು ಬೇಕಾದಂತೆ ಶಿಕ್ಷಕರಿಗೂ ಬೇಕು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇರುವುದೇ ಇದಕ್ಕಾಗಿ. ಅಲ್ಲಿ ಸುತ್ತೋಲೆ, ಅಂಕಿಅಂಶಗಳ ಓದನ್ನು ಅರ್ಧ ಗಂಟೆಯಲ್ಲಿ ಮುಗಿಸಿ, 35 ಎಂದು ಬರೆದ ಮಗುವಿನ ಪುಸ್ತಕವೊಂದನ್ನು ಮೇಜಿನ ಮೇಲಿಡಬೇಕು. ಯಾರು ಏನು ಕೇಳಿದರು, ಎಷ್ಟು ಹೊತ್ತು ಕಾದರು ಎಂಬುದನ್ನು ಮಾತಾಡಬೇಕು. ಮುಂದಿನ ಸಭೆಗೆ ಅದೇ ಮಗುವಿನ ಪುಸ್ತಕ ಮತ್ತೆ ಬರಬೇಕು.