ಮಾರ್ಚ್ ಸಂಬಳ ಸೊರಗದಿರಲಿ

ಸಂಬಳದ ಮನೆಯಲ್ಲಿ ಹನ್ನೊಂದು ತಿಂಗಳದ್ದು ಒಂದು ಲೆಕ್ಕವಾದರೆ ಮಾರ್ಚ್ ತಿಂಗಳದ್ದೇ ಇನ್ನೊಂದು ಲೆಕ್ಕ. ಯುಗಾದಿಯ ಬಟ್ಟೆಬರೆ, ಮಕ್ಕಳ ಹೊಸ ತರಗತಿಯ ಫೀಸು, ಹಪ್ಪಳ-ಸಂಡಿಗೆಯ ಸಾಮಾನು ಎಲ್ಲವೂ ಸಾಲುಗಟ್ಟಿ ನಿಂತಿರುವಾಗಲೇ ಯಜಮಾನರ ಸಂಬಳ ಸೊರಗಿ ಬರುತ್ತದೆ. ‘ಇನ್‌ಕಂ ಟ್ಯಾಕ್ಸ್ ಹಿಡಿದುಬಿಟ್ರು ಕಣೇ’ ಎಂದು ಅವರು ಕೈಚೆಲ್ಲುತ್ತಾರೆ. ‘ಮನೆಯಲ್ಲಿರೋರು ನಾವು, ನಮಗ್ಯಾಕೆ ಆ ಉಸಾಬರಿ?’ ಎಂದು ನಾವೂ ಸುಮ್ಮನಾಗುತ್ತೇವೆ. ಆದರೆ ತೆರಿಗೆಗೆ ಬೇಕಾದ ರಸೀದಿಗಳೆಲ್ಲ ಇರುವುದು ನಮ್ಮ ಬೀರುವಿನಲ್ಲೇ ಅಲ್ಲವೇ? ಹಾಗಾಗಿ ಈ ಉಸಾಬರಿ ನಮ್ಮದೂ ಹೌದು.

ಹಿಡಿಯುವುದು ಹೇಗೆ?

ತೆರಿಗೆಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ವರ್ಷದ ಆರಂಭದಲ್ಲಿ ಕಚೇರಿಯವರು ‘ಈ ಸಾಲಿನಲ್ಲಿ ಏನೇನು ಉಳಿತಾಯ ಮಾಡುತ್ತೀರಿ?’ ಎಂದು ಬರೆಸಿಕೊಳ್ಳುತ್ತಾರೆ. ಅದನ್ನು ನಂಬಿ ಇಡೀ ವರ್ಷದ ತೆರಿಗೆ ಅಂದಾಜು ಮಾಡಿ, ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಹಿಡಿಯುತ್ತಾರೆ. ಡಿಸೆಂಬರ್, ಜನವರಿಯ ಹೊತ್ತಿಗೆ ‘ರಸೀದಿ ತೋರಿಸಿ’ ಎನ್ನುತ್ತಾರೆ. ತೋರಿಸದಿದ್ದರೆ ಕೊಟ್ಟ ವಿನಾಯಿತಿಯನ್ನು ತೆಗೆದುಹಾಕಿ, ಬಾಕಿಯನ್ನು ಉಳಿದ ತಿಂಗಳುಗಳಲ್ಲೇ ವಸೂಲು ಮಾಡುತ್ತಾರೆ. ವರ್ಷಕ್ಕೆ 24,000 ರೂಪಾಯಿ ತೆರಿಗೆ ಎಂದಿಟ್ಟುಕೊಳ್ಳಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 2,000. ಅದೇ ಕೊನೆಯ ಎರಡು ತಿಂಗಳಿಗೆ ಬಂದರೆ ತಿಂಗಳಿಗೆ 12,000! ಮನೆ ನಡೆಸುವವಳಿಗೇ ಗೊತ್ತು ಈ ವ್ಯತ್ಯಾಸ.

ಮೊದಲು ಕೇಳಬೇಕಾದ ಪ್ರಶ್ನೆ

‘ಏನ್ರೀ, ನಮ್ಮದು ಹಳೇ ಪದ್ಧತಿಯೋ, ಹೊಸದೋ?’ ಇದೇ ಮೊದಲ ಪ್ರಶ್ನೆ. 2023-24ರ ಸಾಲಿನಿಂದ, ಏನೂ ಹೇಳದಿದ್ದರೆ ಕಚೇರಿಯವರು ಹೊಸ ಪದ್ಧತಿಯಲ್ಲೇ ತೆರಿಗೆ ಹಿಡಿಯುತ್ತಾರೆ. ಇದರಲ್ಲಿ ತೆರಿಗೆಯ ದರ ಕಡಿಮೆ. ಆದರೆ ಎಲ್‌ಐಸಿ, ಪಿಪಿಎಫ್, ಮಕ್ಕಳ ಫೀಸು, ಮನೆ ಬಾಡಿಗೆ ಇವಕ್ಕೆ ವಿನಾಯಿತಿ ಇಲ್ಲ. ಹಳೆಯದರಲ್ಲಿ ಈ ವಿನಾಯಿತಿಗಳಿವೆ, ದರ ಹೆಚ್ಚು.

ತಿಂಗಳಿಗೆ 60,000 ರೂಪಾಯಿ ಸಂಬಳದ ಮನೆಯನ್ನು ನೋಡಿ. ವರ್ಷಕ್ಕೆ 7,20,000. 2025-26ರ ಸಾಲಿನ ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ತೆರಿಗೆಯೇ ಇಲ್ಲ. ಆ ಸಾಲಿಗೆ 75,000 ರೂಪಾಯಿಯ ಸಾಮಾನ್ಯ ಕಡಿತವೂ ಸೇರಿ 12,75,000ದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ, ಬೇರೆ ಆದಾಯ ಇರಬಾರದು ಅಷ್ಟೆ. ಹಳೆಯದರಲ್ಲಾದರೆ ಒಂದೂವರೆ ಲಕ್ಷ ಉಳಿತಾಯ ತೋರಿಸಿದರೂ, ಬೇರೆ ವಿನಾಯಿತಿ ಇಲ್ಲದಿದ್ದರೆ ಸುಮಾರು 17,000 ರೂಪಾಯಿ ಕಟ್ಟಬೇಕು.

ಇಲ್ಲೇ ಎಚ್ಚರ ಬೇಕಾದದ್ದು. ಜನವರಿ ಬಂತೆಂದರೆ ‘ಟ್ಯಾಕ್ಸ್ ಉಳಿಯುತ್ತೆ ಅಕ್ಕಾ’ ಎಂದು ಪಾಲಿಸಿ ಹಿಡಿದು ಬರುವವರಿದ್ದಾರೆ. ಹೊಸ ಪದ್ಧತಿಯಲ್ಲಿರುವ ಮನೆಗೆ ಅದರಿಂದ ಒಂದು ಪೈಸೆಯ ತೆರಿಗೆಯೂ ಉಳಿಯದು. ಕಂತು ಮಾತ್ರ ವರ್ಷವರ್ಷವೂ ಕಟ್ಟಬೇಕು, ನಡುವೆ ನಿಲ್ಲಿಸಿದರೆ ನಷ್ಟ. ವಿಮೆ ಬೇಡವೆಂದಲ್ಲ, ಮನೆಯ ಭದ್ರತೆಗೆ ಬೇಕಾದಷ್ಟು ಮಾಡಿಸಿ, ತೆರಿಗೆಯ ನೆಪಕ್ಕೆ ಬೇಡ.

ಒಂದು ಕಡತ, ನಾಲ್ಕು ಲಕೋಟೆ

ಗೃಹಸಾಲದ ಬಡ್ಡಿ, ದೊಡ್ಡ ಬಾಡಿಗೆ ಇರುವ ಕೆಲವು ಮನೆಗಳಿಗೆ ಹಳೆಯ ಪದ್ಧತಿಯೇ ಲಾಭ. ಎರಡೂ ರೀತಿ ಲೆಕ್ಕ ಹಾಕಿಸಿ ನೋಡಿ. ಹಳೆಯದನ್ನು ಆರಿಸಿಕೊಂಡರೆ ಏಪ್ರಿಲ್‌ನಲ್ಲೇ ಕಡತ ತೆರೆಯಿರಿ:

1. ಉಳಿತಾಯ: ಎಲ್‌ಐಸಿ, ಪಿಪಿಎಫ್, ಸುಕನ್ಯಾ ಸಮೃದ್ಧಿ, ಎನ್‌ಎಸ್‌ಸಿ ರಸೀದಿಗಳು. ಗಂಡ, ಹೆಂಡತಿ, ಮಕ್ಕಳ ಜೀವವಿಮೆಯ ಕಂತು ಲೆಕ್ಕಕ್ಕೆ ಬರುತ್ತದೆ, ಅತ್ತೆ-ಮಾವನವರದ್ದು ಬರುವುದಿಲ್ಲ. ಎಲ್ಲ ಸೇರಿ ಮಿತಿ ಒಂದೂವರೆ ಲಕ್ಷ.

2. ಶಾಲೆ: ಇಬ್ಬರು ಮಕ್ಕಳ ಬೋಧನಾ ಶುಲ್ಕ ಮಾತ್ರ, ಇದೂ ಆ ಒಂದೂವರೆ ಲಕ್ಷದೊಳಗೇ. ಬಸ್ಸಿನ ಹಣ, ಡೊನೇಷನ್ ಸೇರದು. ಬೋಧನಾ ಶುಲ್ಕವನ್ನು ಬೇರೆಯಾಗಿ ನಮೂದಿಸಿದ ರಸೀದಿಯನ್ನೇ ಕೇಳಿ ಪಡೆಯಿರಿ.

3. ಆರೋಗ್ಯ ವಿಮೆ: ಕಂತನ್ನು ನಗದಾಗಿ ಕಟ್ಟಿದರೆ ವಿನಾಯಿತಿ ಇಲ್ಲ. ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಕಟ್ಟಿ. ಗಂಡನ ಸ್ವಂತ ತಂದೆತಾಯಿಗೆ ಮಾಡಿಸಿದ ಆರೋಗ್ಯ ವಿಮೆಗೆ ಪ್ರತ್ಯೇಕ ವಿನಾಯಿತಿ ಉಂಟು.

4. ಮನೆ: ಬಾಡಿಗೆ ರಸೀದಿ, ಇಲ್ಲವೇ ಗೃಹಸಾಲದ ಬಡ್ಡಿಗೆ ಬ್ಯಾಂಕಿನ ಪತ್ರ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಸಂಖ್ಯೆಯೂ ಬೇಕು. ಕೊಡದ ಬಾಡಿಗೆಗೆ ರಸೀದಿ ಬರೆಸಬೇಡಿ; ಸಿಕ್ಕಿಬಿದ್ದರೆ ಉಳಿಸಿದ್ದಕ್ಕಿಂತ ದಂಡವೇ ಹೆಚ್ಚು.

ನಿಮ್ಮ ಹೆಸರಿನಲ್ಲಿ ಯಜಮಾನರು ಠೇವಣಿ ಇಟ್ಟಿದ್ದಾರೆಯೇ? ಅವರು ಕೊಟ್ಟ ಹಣವಾದರೆ ಅದರ ಬಡ್ಡಿ ಅವರ ಆದಾಯಕ್ಕೇ ಸೇರುತ್ತದೆ. ಆ ಬಡ್ಡಿಯ ಚೀಟಿಯನ್ನೂ ಕಡತದಲ್ಲಿಡಿ. ವರ್ಷದ ನಡುವೆ ನೌಕರಿ ಬದಲಾಗಿದ್ದರೆ ಹಳೆಯ ಸಂಬಳದ ವಿವರವನ್ನು ಹೊಸ ಕಚೇರಿಗೆ ಕೊಡಲು ನೆನಪಿಸಿ. ಇಬ್ಬರೂ ದುಡಿಯುವ ಮನೆಯಲ್ಲಿ ಒಂದೇ ರಸೀದಿಯನ್ನು ಇಬ್ಬರೂ ತೋರಿಸುವಂತಿಲ್ಲ.

ತಡವಾದರೆ?

ಗಾಬರಿ ಬೇಡ. ಮಾರ್ಚ್ 31ರೊಳಗೆ ಹಣ ಕಟ್ಟಿದ್ದು, ರಸೀದಿಯನ್ನು ಕಚೇರಿಗೆ ಕೊಡುವುದು ಮಾತ್ರ ತಪ್ಪಿದ್ದರೆ, ಮುಂದೆ ರಿಟರ್ನ್ ಸಲ್ಲಿಸುವಾಗ ಕೇಳಬಹುದು. ಹೆಚ್ಚು ಹಿಡಿದ ತೆರಿಗೆ ಬ್ಯಾಂಕ್ ಖಾತೆಗೆ ವಾಪಸು ಬರುತ್ತದೆ. ಸಂಬಳದಾರರಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ಬೇರೆ ವ್ಯಾಪಾರವಿಲ್ಲದ ಸಂಬಳದಾರರು ಪದ್ಧತಿಯನ್ನೂ ಆಗ ಬದಲಾಯಿಸಿಕೊಳ್ಳಬಹುದು, ಗಡುವಿನೊಳಗೆ ಸಲ್ಲಿಸಬೇಕು ಅಷ್ಟೆ.

1961ರ ಕಾಯ್ದೆಯ ಬದಲಿಗೆ 2025ರ ಹೊಸ ಕಾಯ್ದೆ ಜಾರಿಗೆ ಬರಲು ಗೊತ್ತಾದ ದಿನ 2026ರ ಏಪ್ರಿಲ್ 1. ಹಾಗಾಗಿ ಇಷ್ಟು ದಿನ ಬಾಯಿಪಾಠವಾಗಿದ್ದ ಸೆಕ್ಷನ್ನು, ಫಾರಂಗಳ ಸಂಖ್ಯೆಗೆ ಜೋತುಬೀಳಬೇಡಿ. ಆಯಾ ವರ್ಷದ ಮಿತಿಗಳನ್ನು ಕಚೇರಿಯಲ್ಲೇ ವಿಚಾರಿಸಿಕೊಂಡು ಬರಲು ಯಜಮಾನರಿಗೆ ಹೇಳಿ. ರಸೀದಿ ಜೋಪಾನ ಮಾಡುವ ಕೆಲಸವನ್ನಂತೂ ಯಾವ ಕಾಯ್ದೆಯೂ ತಪ್ಪಿಸುವುದಿಲ್ಲ. ಬಾಯಾರಿದಾಗ ಬಾವಿ ತೋಡುವುದಕ್ಕಿಂತ, ಈ ತಿಂಗಳೇ ಒಂದು ಹಳೆಯ ಫೈಲು ಹುಡುಕಿ ಮೊದಲ ರಸೀದಿ ಹಾಕಿಡಿ.