ಅಧ್ಯಾಯ 4: ಯಾರ ಕಾಲು ಯಾರು ತೊಳೆದರು?

ಮೊದಲು ಮೂರು ಪದಗಳ ಅರ್ಥ ಹೇಳಿಬಿಡುತ್ತೇನೆ. ದೇವರು ಯೇಸುವಿನಲ್ಲಿ ಮನುಷ್ಯನಾಗಿ ಬಂದನೆಂದು ಒಪ್ಪಿ, ಅದರ ಮೇಲೆ ಬದುಕು ನಿಲ್ಲಿಸುವುದಕ್ಕೆ ಕ್ರೈಸ್ತರು ‘ವಿಶ್ವಾಸ’ ಎನ್ನುತ್ತಾರೆ. ‘ಸುವಾರ್ತೆ’ ಎಂದರೆ ಒಳ್ಳೆಯ ಸುದ್ದಿ. ‘ಸಾಕ್ಷಿ’ ಎಂದರೆ ಕೋರ್ಟಿನಲ್ಲಿ ಇರುವ ಅರ್ಥವೇ. ವಕೀಲನಿಗೆ ಕೇಸು ಗೆಲ್ಲಬೇಕು. ಸಾಕ್ಷಿಗೆ ಕಂಡದ್ದನ್ನು ಹೇಳಿ ಕಟಕಟೆಯಿಂದ ಇಳಿದರಾಯಿತು. ಕ್ರೈಸ್ತನಿಗೆ ಬೈಬಲ್ಲು ವಹಿಸಿದ್ದು ಸಾಕ್ಷಿಯ ಕೆಲಸ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡರಷ್ಟೂ ಇಲ್ಲ, 1.87 ಅಷ್ಟೇ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಅದಕ್ಕಿಂತ ತೀರ ಕಡಿಮೆ. ತಿಕೋಟಾ, ಬಬಲೇಶ್ವರದ ಕಡೆ ಕ್ರೈಸ್ತ ಮನೆಯ ಮಗು ಶಾಲೆಗೆ ಹೋದರೆ ತರಗತಿಯಲ್ಲಿ ಅದೊಂದೇ ಇರುವುದುಂಟು. ಸುತ್ತ ಲಿಂಗ ಕಟ್ಟಿದವರು, ನಮಾಜು ಮಾಡುವವರು, ಮಾಲೆ ಹಾಕಿದವರು. ಇವರ ನಡುವೆ ನಂಬಿಕೆ ಮುಚ್ಚಿಡದೆ, ಯಾರ ಮೇಲೂ ಹೇರದೆ ಬಾಳುವುದು ಹೇಗೆ? ಈ ಅಧ್ಯಾಯ ಅದರದ್ದು.

ಜನ ಎಡವುವ ಜಾಗ ಸಾಮಾನ್ಯವಾಗಿ ಒಂದೇ. ‘ದೀನತೆ’ ಎಂದ ಕೂಡಲೆ ದನಿ ತಗ್ಗಿಸುವುದು, ತಲೆ ಬಗ್ಗಿಸುವುದು, ಸುಮ್ಮನಿರುವುದು ಎಂದುಕೊಳ್ಳುತ್ತಾರೆ. ಬೈಬಲ್ಲಿನಲ್ಲಿರುವ ಪೇತ್ರನ ಮೊದಲ ಪತ್ರದ 3ನೆಯ ಅಧ್ಯಾಯ ಬೇರೆಯೇ ಹೇಳುತ್ತದೆ. ಇಂದಿನ ತುರ್ಕಿಯ ನೆಲದಲ್ಲಿ ಚದುರಿಹೋಗಿದ್ದ ಪುಟ್ಟ ಪುಟ್ಟ ಗುಂಪುಗಳಿಗೆ ಬರೆದ ಪತ್ರ ಅದು. ಸಂಖ್ಯೆಯಲ್ಲಿ ಅವರೂ ನಮ್ಮ ಜಿಲ್ಲೆಯ ಕ್ರೈಸ್ತರ ಹಾಗೆಯೇ. ನಿಮ್ಮ ಭರವಸೆಗೆ ಕಾರಣವೇನೆಂದು ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಿರಿ, ಆದರೆ ಸೌಮ್ಯವಾಗಿ, ಎದುರಿನವರಿಗೆ ಮರ್ಯಾದೆ ಕೊಟ್ಟು ಹೇಳಿ, ಎಂಬುದು ಅದರ ಸಾರ. ಕೆಲವರು ‘ಉತ್ತರ ಹೇಳಿ’ ಎಂಬುದನ್ನಷ್ಟೇ ಹಿಡಿದುಕೊಳ್ಳುತ್ತಾರೆ, ಕೆಲವರು ‘ಸೌಮ್ಯವಾಗಿ’ ಎಂಬುದನ್ನಷ್ಟೇ. ‘ಕೇಳಿದವರಿಗೆ’ ಎಂಬ ಪದ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಉತ್ತರಕ್ಕಿಂತ ಮುಂಚೆ ಒಂದು ಪ್ರಶ್ನೆ ಇರಬೇಕು, ಆ ಪ್ರಶ್ನೆ ನೆರೆಯವರ ಬಾಯಿಂದ ಬರಬೇಕು. ಅದು ಬರುವಂಥ ಬದುಕು ಮೊದಲು ಇರಬೇಕು.

ಇನ್ನು ನನಗೆ ಬಹಳ ಪ್ರಿಯವಾದ ಪ್ರಸಂಗ. ಇದನ್ನು ನಮ್ಮ ಸೀಮೆಯಲ್ಲಿ ಹೇಳಿದಾಗಲೆಲ್ಲ ಕೇಳುವವರ ಮುಖದಲ್ಲಿ ಒಂದು ಗಲಿಬಿಲಿ ಕಾಣುತ್ತದೆ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ: ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ, ಶಿಷ್ಯರೊಡನೆ ಊಟ, ಕಾಲು ತೊಳೆಯುವ ಸಂದರ್ಭ. ಇಷ್ಟು ಹೇಳಿದರೆ ನಮ್ಮವರು ಮುಂದಿನದನ್ನು ತಾವೇ ಊಹಿಸುತ್ತಾರೆ, ಶಿಷ್ಯರು ಗುರುವಿನ ಪಾದ ತೊಳೆದರು ಎಂದು. ತಪ್ಪೇನಲ್ಲ, ಪಾದೋದಕ ಅಷ್ಟಾವರಣಗಳಲ್ಲಿ ಒಂದಾಗಿರುವ ನಾಡು ಇದು. ಗುರುಜಂಗಮರ ಪಾದ ತೊಳೆದ ನೀರನ್ನು ಭಕ್ತಿಯಿಂದ ಸೇವಿಸುವುದನ್ನು ಮಕ್ಕಳು ಮನೆಯಲ್ಲೇ ನೋಡಿ ಬೆಳೆದಿರುತ್ತಾರೆ.

ಕಥೆ ನಡೆಯುವುದು ತಿರುವುಮುರುವಾಗಿ. ಗುರು ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಪಂಚೆ ಸುತ್ತಿ, ಬೋಗುಣಿಯಲ್ಲಿ ನೀರು ಹಾಕಿಕೊಂಡು ಶಿಷ್ಯರ ಕಾಲ ಬಳಿ ಕೂರುತ್ತಾನೆ. ಧೂಳಿನ ದಾರಿಯಲ್ಲಿ ಚಪ್ಪಲಿ ಮೆಟ್ಟಿ ನಡೆದು ಬಂದ ಕಾಲುಗಳು. ಆ ನಾಡಿನಲ್ಲಿ ಅವನ್ನು ತೊಳೆಯುವುದು ಮನೆಯಾಳಿನ ಕೆಲಸ. ಶಿಷ್ಯರಲ್ಲೊಬ್ಬನಾದ ಪೇತ್ರ ಕಾಲು ಹಿಂದಕ್ಕೆಳೆದುಕೊಂಡು, ಎಂದೆಂದಿಗೂ ಇದು ಆಗದು ಎನ್ನುತ್ತಾನೆ. ಒಮ್ಮೆ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಇದನ್ನು ಕೇಳಿ, ‘ಖರೇ ಅದ ರೀ, ನಾನಾದ್ರೂ ಬ್ಯಾಡ ಅಂತಿದ್ದೆ’ ಎಂದರು. ಜೀವಮಾನವಿಡೀ ಪಾದೋದಕ ತೆಗೆದುಕೊಂಡವರು ಅವರು. ಪೇತ್ರನ ಸಂಕಟ ಅವರಿಗೆ ಹೊಳೆದಷ್ಟು ಚೆನ್ನಾಗಿ, ಅದೇ ಕಥೆಯನ್ನು ಹತ್ತಾರು ಸಲ ಕೇಳಿ ರೂಢಿಯಾದ ಕ್ರೈಸ್ತನಿಗೆ ಹೊಳೆಯುವುದಿಲ್ಲ. ಆ ದಿನದಿಂದ ನಾನು ಈ ಪ್ರಸಂಗವನ್ನು ಪಾದೋದಕದ ಮಾತಿನಿಂದಲೇ ಶುರುಮಾಡುತ್ತೇನೆ.

ಈ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ಅಲ್ಲಿ ಯೂದನೂ ಕೂತಿದ್ದ. ಆ ರಾತ್ರಿಯೇ ಗುರುವನ್ನು ಹಿಡಿದುಕೊಡಲಿದ್ದವನು. ಅವನು ಎದ್ದು ಹೊರಗೆ ಹೋದದ್ದು ಕಾಲು ತೊಳೆದಾದ ಮೇಲೆ. ಒಪ್ಪುವವನ ಕಾಲನ್ನೂ ಒಪ್ಪದವನ ಕಾಲನ್ನೂ ಯೇಸು ಒಂದೇ ನೀರಿನಲ್ಲಿ ತೊಳೆದ. ಸೇವೆಗೆ ಮುಂದೆ ಏನೋ ಸಿಗಲೆಂಬ ಲೆಕ್ಕ ಸೇರಿದರೆ ಅದು ಗಾಳಕ್ಕೆ ಸಿಕ್ಕಿಸಿದ ಎರೆಯಾಗುತ್ತದೆ. ಯೂದನ ಕಾಲು ತೊಳೆದಲ್ಲಿ ಅಂಥ ಲೆಕ್ಕಕ್ಕೆ ಜಾಗವೇ ಇಲ್ಲ. ಬೆಟಗೇರಿಯಲ್ಲಿ ಮಿಶನರಿಗಳು ನಡೆಸಿದ ಜರ್ಮನ್ ದವಾಖಾನಿಯಂಥ ಸೇವೆಯನ್ನು ಅಳೆಯಬೇಕಾದವರು ಹಿಡಿಯಬೇಕಾದ ಅಳತೆಗೋಲೂ ಇದೇ: ಮದ್ದು ತೆಗೆದುಕೊಂಡು ತನ್ನ ದೇವರಿಗೇ ಕೈಮುಗಿದು ಮನೆಗೆ ಹೋದ ರೋಗಿಗೆ ಮರುದಿನವೂ ಅದೇ ಆರೈಕೆ ಸಿಕ್ಕಿತೇ? ಕಥೋಲಿಕ ಚರ್ಚುಗಳಲ್ಲಿ ಇಂದಿಗೂ ಪವಿತ್ರ ಗುರುವಾರದ ದಿನ ಪಾದ್ರಿಗಳು ಮಂಡಿಯೂರಿ ಜನರ ಕಾಲು ತೊಳೆಯುತ್ತಾರೆ. ನೋಡಿರದಿದ್ದರೆ ಒಮ್ಮೆ ಹೋಗಿ ನೋಡಿ.

ಕನ್ನಡದಲ್ಲಿ ಹೀಗೆ ಬಾಳಿದವರು ಯಾರಾದರೂ ಇದ್ದಾರೆಯೇ? ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಪಾದ್ರಿ. ಅವರಿಗಿಂತ ಒಂದು ವರ್ಷ ಮೊದಲು, 1880ರಲ್ಲಿ, ಅದೇ ಧಾರವಾಡದಲ್ಲಿ ಹುಟ್ಟಿ ವಕೀಲಿಕೆಗೆಂದು ನಮ್ಮ ವಿಜಯಪುರಕ್ಕೆ ಬಂದು ನೆಲೆಸಿದವರು ವಚನ ಸಂಗ್ರಾಹಕ ಫ. ಗು. ಹಳಕಟ್ಟಿ. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂತು, ಉತ್ತಂಗಿಯವರ ‘ಸರ್ವಜ್ಞನ ವಚನಗಳು’ 1924ರಲ್ಲಿ. ಈ ನಾಲ್ಕು ಇಸವಿಗಳನ್ನು ಒಟ್ಟಿಗೆ ಬರೆಯುವಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ.

ಬೋಧಕನ ಕೆಲಸ ಮಾತಾಡುವುದು. ಸರ್ವಜ್ಞನ ತ್ರಿಪದಿಗಳಾದರೋ ಓಲೆಗರಿಗಳಲ್ಲಿ ಅಷ್ಟಿಷ್ಟು, ಉಳಿದಂತೆ ಜನರ ನಾಲಗೆಯ ಮೇಲೆ. ಅವನ್ನು ಕೂಡಿಸಬೇಕಾದರೆ ಬೋಧಕ ಬಾಯಿ ಮುಚ್ಚಿ ಕಟ್ಟೆಯ ಮೇಲೆ ಕೂರಬೇಕು. ಹೊಲ ಉಳುವವನು ಗುರು, ಪಾದ್ರಿ ಶಿಷ್ಯ. ಉತ್ತಂಗಿಯವರು ಊರೂರು ತಿರುಗಿ ಕೇಳಿ ಬರೆದುಕೊಂಡು, ಪಾಠಗಳನ್ನು ಹೋಲಿಸಿ, ವಿಷಯವಾರು ಜೋಡಿಸಿ ಸುಮಾರು 2,000 ತ್ರಿಪದಿಗಳನ್ನು ಅಚ್ಚಿಗೆ ತಂದರು. ಸರ್ವಜ್ಞ ಡಂಭಾಚಾರವನ್ನು ಝಾಡಿಸಿದವನು. ತಮಗೆ ಬೇಕಾದ ನಾಲ್ಕು ಪದ್ಯ ಆರಿಸಿಕೊಂಡು ನೆರೆಯವರನ್ನು ಹಳಿಯುವುದು ಒಬ್ಬ ಪ್ರಚಾರಕನಿಗೆ ಸುಲಭವಿತ್ತು. ಅವರು ಆ ದಾರಿ ಹಿಡಿಯದೆ ಇಡೀ ಸರ್ವಜ್ಞನನ್ನು ಕನ್ನಡಿಗರ ಕೈಗಿಟ್ಟರು.

ಹಾಗಾದರೆ ಅವರ ನಂಬಿಕೆ ಸಡಿಲವಾಯಿತೇ? ಇಲ್ಲ. ಕೊನೆಯವರೆಗೂ ಅವರು ಕ್ರಿಸ್ತಭಕ್ತರೇ. ಅದನ್ನು ಬಚ್ಚಿಡಲೂ ಇಲ್ಲ. ಹಿಂದೂ ಸಮಾಜವನ್ನು ಉದ್ದೇಶಿಸಿ ಬರೆದ ಪುಸ್ತಕಕ್ಕೆ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದು ಹೆಸರಿಟ್ಟರು. ‘ಸವಾಲು’ ಎನ್ನಬಹುದಿತ್ತು, ‘ಉಪದೇಶ’ ಎನ್ನಬಹುದಿತ್ತು, ‘ವಿನಂತಿ’ ಎಂದರು. ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಚರ್ಚೆಯಲ್ಲಿ, ಇತ್ತು ಎಂದು ಪುರಾವೆ ಕೂಡಿಸಿ ‘ಅನುಭವ ಮಂಟಪದ ಐತಿಹಾಸಿಕತೆ’ ಬರೆದವರೂ ಅವರೇ. ಬಸವಣ್ಣ ಹುಟ್ಟಿದ ಈ ಜಿಲ್ಲೆಯಲ್ಲಿ ಇದನ್ನು ಎಲ್ಲರೂ ತಿಳಿದಿರಬೇಕು. ಸಿದ್ಧರಾಮನ ಸಾಹಿತ್ಯವನ್ನೂ ಅವರು ಸಂಪಾದಿಸಿದರು. ಸಿದ್ಧರಾಮನೆಂದರೆ ಸೊನ್ನಲಿಗೆಯ ಸಿದ್ಧರಾಮ, ಸಂಕ್ರಾಂತಿಗೆ ನಾವು ಜಾತ್ರೆ ಮಾಡುವ ನಮ್ಮ ಸಿದ್ಧೇಶ್ವರ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕನ್ನಡಿಗರು ಕೂರಿಸಿದ್ದು ಈ ಪಾದ್ರಿಯನ್ನೇ. ಅವರು ಮಾತ್ರ ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ತಿರುಕನೆಂದರೆ ಬೇಡುವವನು. ಕೊಡುವ ಕೈ ಮೇಲಿರುತ್ತದೆ, ಬೇಡುವ ಕೈ ಕೆಳಗಿರುತ್ತದೆ. ಯೇಸು ಸಮಾರ್ಯದ ಬಾವಿಯ ಬಳಿ ಪರಧರ್ಮದ ಹೆಣ್ಣುಮಗಳೊಡನೆ ಮಾತು ತೆಗೆದದ್ದೂ ಕುಡಿಯಲು ನೀರು ಬೇಡಿಯೇ.

ಎಲ್ಲ ಪ್ರಚಾರಕರೂ ಹೀಗಿದ್ದರು ಎಂದರೆ ಸುಳ್ಳಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮಿಶನರಿ ಬರಹಗಳಲ್ಲಿ ನಮ್ಮ ದೇವರುಗಳನ್ನು, ಜಾತ್ರೆಗಳನ್ನು ಹೀಯಾಳಿಸಿದ ಪುಟಗಳಿವೆ, ಅವನ್ನೂ ಓದಬೇಕು. ಅದೇ ಶತಮಾನದಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹಾಡಿದ, 1894ರಲ್ಲಿ ನಮಗೆ ನಿಘಂಟು ಕೊಟ್ಟ ಮಿಶನರಿ ಕಿಟ್ಟೆಲ್ಲರೂ ಇದ್ದರು.

ದೀನತೆ ಎಂದರೇನೆಂದು ವಿಜಯಪುರದವರಿಗೆ ಹೊರಗಿನವರು ಕಲಿಸಬೇಕಿಲ್ಲ. ಬಿಜ್ಜರಗಿಯಲ್ಲಿ ಹುಟ್ಟಿ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಟ್ಟರು, 2018ರಲ್ಲಿ ಪದ್ಮಶ್ರೀ ಬೇಡವೆಂದರು, ತಮಗೆ ಸ್ಮಾರಕ ಕಟ್ಟಬೇಡಿರೆಂದು ಬರೆದಿಟ್ಟು 2023ರ ಜನವರಿಯಲ್ಲಿ ಹೊರಟುಹೋದರು. ಅವರನ್ನು ಕಣ್ಣಾರೆ ಕಂಡ ಜನರ ನಡುವೆ ಕ್ರೈಸ್ತನೊಬ್ಬ ‘ನಮ್ಮ ಯೇಸು ದೀನ’ ಎಂದರೆ, ಕೇಳಿದವರು ಆ ಮಾತನ್ನು ತಾವು ಬಲ್ಲ ಅಳತೆಯಲ್ಲೇ ಅಳೆಯುತ್ತಾರೆ. ಕ್ರೈಸ್ತನಿಗೆ ಇದು ದೊಡ್ಡ ಭಾಗ್ಯ, ದೊಡ್ಡ ಪರೀಕ್ಷೆಯೂ ಹೌದು.

ಈ ವಿಷಯ ಇಲ್ಲಿಗೆ ಮುಗಿಯಲಿಲ್ಲ. ಉತ್ತಂಗಿಯವರ ಸರ್ವಜ್ಞನನ್ನು ಗ್ರಂಥಾಲಯದಿಂದ ತಂದು ಓದಿ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಕಾಗದಪತ್ರಗಳಿವೆ; ಎಳೆಯ ಸಂಶೋಧಕರು ಅಲ್ಲಿ ನಮ್ಮ ಜಿಲ್ಲೆಯ ಪುಟಗಳನ್ನು ಹುಡುಕಲಿ. ತಿಕೋಟಾ, ಬಬಲೇಶ್ವರ, ವಿಜಯಪುರದ ಓಣಿಗಳಲ್ಲಿ ಕ್ರೈಸ್ತ ಮನೆಗಳ ಹಿರಿಯರಿದ್ದಾರೆ, ಅವರ ನೆರೆಹೊರೆಯವರೂ ಇದ್ದಾರೆ. ಅವರು ಕೂಡಿ ಬಾಳಿದ ನೆನಪುಗಳನ್ನು ಇಬ್ಬರ ಬಾಯಿಂದಲೂ ಕೇಳಿ, ಉತ್ತಂಗಿಯವರು ತ್ರಿಪದಿ ಬರೆದುಕೊಂಡ ಹಾಗೆ ಒಂದು ವಹಿಯಲ್ಲಿ ಬರೆದಿಡಿ. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಲಿ.